ಅಪ್‌ಡೇಟ್: ಬೀದರ ಕೋಟಿ ಬಾಜೂಕಿನ ನಮ್ಮ ಮ್ಯೂಸಿಯಂಗ ರೊಕ್ಕ ಕೂಡಸೋ ವಿಷಯ

ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಸಗಿಗಿಂತ ಮೊದ್ಲ ಕೇಳಿದ್ನಲ್ಲ, ಬೀದರ ಕೋಟಿ ಹತ್ರ ನಮ್ಮ ಓಣಿಯವ್ರು ನಡಸೋ ಸಣ್ಣ ಮ್ಯೂಸಿಯಂ ಸೋರಲತ್ತದ, ರಿಪೇರಿಗೂ ಹಿಂದ ಎರಡು ಹೊಸ ಖೋಲಿ ಕಟ್ಟಲಿಕ್ಕೂ ರೊಕ್ಕ ಹ್ಯಾಂಗ ಕೂಡಸಬೇಕು ಅಂತ, ಈಗ ಇಲ್ಲಿತನ ಬಂದದ.

ಹೊಸ ಖೋಲಿ ಅಲ್ಲಿ ಆಗಂಗಿಲ್ಲ. ಕೋಟಿ ಅಂದ್ರ ಕೇಂದ್ರ ಸರಕಾರದ ಸಂರಕ್ಷಿತ ಸ್ಮಾರಕ, ಅದರಿಂದ 100 ಮೀಟರ್ ಒಳಗ ಹೊಸದು ಕಟ್ಟಂಗಿಲ್ಲ, ರಿಪೇರಿಗೂ ಪರ್ಮಿಶನ್ ಬೇಕು, ಅದರಾಚೆ 200 ಮೀಟರ್ ತನಕನೂ ಪರ್ಮಿಶನ್ ಬೇಕೇ ಬೇಕು. ನಿಮ್ಮಲ್ಲೇ ಒಬ್ರು ಇದನ್ನ ಹೇಳಿದ್ರು, ಇಲ್ಲಂದ್ರ ಜನರ ರೊಕ್ಕ ತಗೊಂಡು ಪಾಯಾ ತೋಡಿಬಿಡ್ತಿದ್ವಿ, ಅವ್ರಿಗೆ ಕೈ ಮುಗೀತೀನ್ರಿ. ಖೋಲಿಗೆ ಬ್ಯಾರೆ ಜಾಗ ನೋಡ್ಲತ್ತೀವಿ.

ಕಂಪನಿಗಳು ಸಮಾಜದ ಕೆಲಸಕ್ಕಂತ ಖರ್ಚು ಮಾಡೋ ಸಿಎಸ್‌ಆರ್ ರೊಕ್ಕ ಹಳೀ ಕಟ್ಟಡ ಉಳಸಲಿಕ್ಕೂ ಕೊಡಬಹುದು, ಆದ್ರ ಬರೀ ಓಣಿ ಕಮಿಟಿಗೆ ಕೊಡಂಗಿಲ್ಲ. ಟ್ರಸ್ಟ್ ರಿಜಿಸ್ಟರ್ ಮಾಡಿ, ಇನ್ಕಮ್ ಟ್ಯಾಕ್ಸ್‌ನವ್ರ ಕಡಿಂದ 12ಎ (ಟ್ರಸ್ಟಿನ ಆದಾಯಕ್ಕ ಟ್ಯಾಕ್ಸ್ ವಿನಾಯ್ತಿ), 80ಜಿ (ದಾನ ಕೊಟ್ಟವ್ರಿಗೆ ಟ್ಯಾಕ್ಸ್ ವಿನಾಯ್ತಿ) ತಗೊಂಡು, ಆಮ್ಯಾಲ ಸಿಎಸ್‌ಆರ್ ರೊಕ್ಕ ತಗೊಳ್ಳಲಿಕ್ಕ ಹೆಸರು ನೋಂದಾಯಿಸೋ ಸಿಎಸ್‌ಆರ್-1 ಫಾರ್ಮ್ ತುಂಬಬೇಕು. ಟ್ರಸ್ಟ್ ಆಗ್ಯದ, 80ಜಿಗೆ ಅರ್ಜಿ ಹಾಕೀವಿ. ಒಂದು ನೆನಪಿಟ್ಕೋರಿ, 2000 ರೂಪಾಯಿ ಮ್ಯಾಲ ನಗದು ಕೊಟ್ರ ಕೊಟ್ಟವ್ರಿಗೆ ಟ್ಯಾಕ್ಸ್ ವಿನಾಯ್ತಿ ಸಿಗಂಗಿಲ್ಲ, ಅದಕ್ಕ ಚೆಕ್ ಇಲ್ಲಾ ಯುಪಿಐ ಅಂತ ಎಲ್ಲಾರಿಗೂ ಹೇಳ್ಲತ್ತೀವಿ.

ಸೋರೋದು ಯಾಕಂದ್ರ ಹಿಂದೊಮ್ಮೆ ಮ್ಯಾಳಿಗಿಗೆ ಸಿಮೆಂಟ್ ಹಾಕ್ಯಾರ, ಸುಣ್ಣದ ಗಚ್ಚಿನ ಗ್ವಾಡಿ ಒಳಗಿನ ಹಸಿ ಹೊರಗ ಬಿಡ್ತದ, ಸಿಮೆಂಟ್ ಅದನ್ನ ಅಲ್ಲೇ ಹಿಡೀತದ. ಹಿರ್ಯಾ ಗೌಂಡಿ ಒಬ್ರು ಬಂದು ಗ್ವಾಡಿ ಮುಟ್ಟಿ "ಸಿಮೆಂಟ್ ಕಿತ್ತ್ರಿ ಅಂದ್ರ ಇದು ಉಳೀತದ ತಮ್ಮಾ, ಸುಣ್ಣ ಕೊಳಿಸೋ ಕೆಲಸ ನಾ ಪುಕ್ಕಟ ಕಲಿಸಿಕೊಡ್ತೀನಿ" ಅಂದ್ರು, ನನಗ ಕಣ್ಣಾಗ ನೀರೇ ಬಂತ್ರಿ. ಪರ್ಮಿಶನ್ ಬಂದ ಕೂಡ್ಲೇ ಮ್ಯಾಳಿಗಿಯಿಂದನೇ ಸುರು ಮಾಡ್ತೀವಿ.