ತಮ್ಮ ದಿನಾ ಆರು ಮೊಟ್ಟೆ ಬಿಳಿ ಮಾತ್ರ ತಿಂತಾನೆ, ಹಳದಿ ಏನ್ ಮಾಡ್ಲಿ?

ಬಾಣಲಿ_ಅಕ್ಕ:
ಎಲ್ರಿಗೂ ನಮಸ್ಕಾರ. ನನ್ ತಮ್ಮ ಮೂರು ತಿಂಗ್ಳಿಂದ ಜಿಮ್‌ಗೆ ಹೋಗ್ತಿದಾನೆ, ಟ್ರೇನರ್ ಹೇಳಿದ್ರು ಅಂತ ದಿನಾ ಬೆಳಿಗ್ಗೆ ಆರು ಮೊಟ್ಟೆ ಒಡೆದು ಬರೀ ಬಿಳಿದು ಆಮ್ಲೆಟ್ ಹಾಕ್ಕೋತಾನೆ, ಆರು ಹಳದಿ ಸ್ಟೀಲ್ ಲೋಟದಲ್ಲಿ ಹಂಗೇ ಕೂತಿರುತ್ತೆ, ನಾನು ನೋಡ್ದೇ ಇದ್ರೆ ಸೀದಾ ಸಿಂಕಿಗೆ ಸುರೀತಾನೆ. ಹೊಟ್ಟೆ ಉರಿಯುತ್ತೆ ರೀ. ಅಮ್ಮ ಮೊಟ್ಟೆ ಮುಟ್ಟಲ್ಲ, ನಮ್ಮನೇಲಿ ಮೊಟ್ಟೆಗೆ ಅಂತ ಇರೋದು ಒಂದೇ ಬಾಣಲಿ, ಓವನ್ ಇಲ್ಲ. ಯಾರೋ ಕೂದಲಿಗೆ ಒಳ್ಳೇದು ಅಂದ್ರು ಅಂತ ಹಚ್ಕೊಂಡೆ, ಆಮೇಲೆ ಗೀಸರ್ ಬಿಸಿನೀರು ಹಾಕಿದ್ನಾ, ತಲೆಯಲ್ಲೇ ಬುರ್ಜಿ ಆಯ್ತು 😭 ಎರಡು ದಿನ ಬಾಚಿದ್ರೂ ಚೂರು ಬೀಳ್ತಿತ್ತು. ತಲೆ ಬಿಟ್ಟು ಬೇರೆ ಏನಾದ್ರೂ ಹೇಳಿ.

ಎರಡನೇ_ಸೆಟ್:
ಅಕ್ಕ ಮೊದ್ಲು ತಮ್ಮಂಗೆ ಬೈರಿ. ನಾನೂ ಎರಡು ವರ್ಷ ಅದೇ ಪೆದ್ದತನ ಮಾಡಿದೀನಿ. ಒಂದು ಮೊಟ್ಟೇಲಿ 6 ಗ್ರಾಂ ಚಿಲ್ಲರೆ ಪ್ರೋಟೀನ್ ಇದ್ರೆ ಅದ್ರಲ್ಲಿ ಎರಡೂವರೆ ಗ್ರಾಂಗಿಂತ ಜಾಸ್ತಿ ಹಳದೀಲೇ ಇರೋದು, ಅಂದ್ರೆ ಆರು ಹಳದಿ ಸುರಿದ್ರೆ ಹತ್ರತ್ರ 16 ಗ್ರಾಂ ಪ್ರೋಟೀನ್ ಸಿಂಕಿಗೆ, ಇತ್ಲಾಗೆ ಅದೇ ಮನುಷ್ಯ ಸಾವಿರಾರು ರೂಪಾಯಿ ಕೊಟ್ಟು ಪೌಡರ್ ಡಬ್ಬ ತರ್ತಾನೆ! ವಿಟಮಿನ್ ಎ, ಡಿ ಎಲ್ಲಾ ಹಳದೀಲೇ. ಕೊಲೆಸ್ಟ್ರಾಲೂ ಅದ್ರಲ್ಲೇ ಇದೆ, ಸುಳ್ಳಲ್ಲ, ಒಂದ್ರಲ್ಲಿ ಸುಮಾರು 185 ಮಿಲಿಗ್ರಾಂ, ಮನೇಲಿ ಹಾರ್ಟ್ ಪ್ರಾಬ್ಲಂ ಇರೋರಿದ್ರೆ ಡಾಕ್ಟರ್ ಕೇಳಿ. ನಾನೀಗ ಎರಡು ಇಡೀ ಮೊಟ್ಟೆ, ಮೂರು ಬಿಳಿ ಅಂತ ಸೆಟ್ಲ್ ಆಗಿದೀನಿ.

ಮಯೋನೀಸ್ ಮಾಡಿ ಅಂತ ಯಾರಾದ್ರೂ ಹೇಳ್ತಾರೆ, ಬೇಡ. ಹಸಿ ಮೊಟ್ಟೆ ಮಯೋನೀಸ್‌ನ ತೆಲಂಗಾಣದಲ್ಲಿ 2024ರಲ್ಲಿ ಬ್ಯಾನ್ ಮಾಡಿದ್ರು, 2025ರಲ್ಲಿ ತಮಿಳ್ನಾಡಲ್ಲೂ, ಸುಮ್ನೆ ಮಾಡಿರಲ್ಲ.

ಕುಡ್ಲದ_ಪೊಣ್ಣು:
ಓವನ್ ಬೇಡ, ಕಸ್ಟರ್ಡ್ ಮಾಡಿ, ಡಬ್ಬಿ ಪೌಡರ್ ಅಲ್ಲ ಮಾರಾಯ್ರೆ, ನಿಜವಾದ್ದು. ಅರ್ಧ ಲೀಟರ್ ಹಾಲು, ನಾಲ್ಕು ಹಳದಿ, ನಾಲ್ಕು ಚಮಚ ಸಕ್ಕರೆ, ಒಂದು ಚಮಚ ಕಾರ್ನ್‌ಫ್ಲೋರ್. ಹಳದಿಗೆ ಸಕ್ಕರೆ ಹಾಕಿ ಚೆನ್ನಾಗಿ ಕದಡಿ, ಬಿಸಿ ಹಾಲನ್ನ ಸೌಟಿಂದ ಸ್ವಲ್ಪ ಸ್ವಲ್ಪವೇ ಅದಕ್ಕೆ ಹಾಕ್ತಾ ಕೈ ಆಡಿಸ್ತಾ ಇರಿ, ಉಲ್ಟಾ ಮಾಡಿ ಹಳದೀನ ಹಾಲಿಗೆ ಸುರಿದ್ರೆ ಗಂಟು ಗ್ಯಾರಂಟಿ. ಆಮೇಲೆ ಸಣ್ಣ ಉರಿ, ಚಮಚದ ಬೆನ್ನಿಗೆ ಅಂಟೋವರೆಗೆ. ಏಲಕ್ಕಿ ಹಾಕಿ.

ಆವತ್ತೇ ಆಗಲ್ಲ ಅಂದ್ರೆ ಫ್ರೀಜ್ ಮಾಡಿ, ಆದ್ರೆ ಹಾಗೇ ಇಟ್ರೆ ಅಂಟಂಟು ಜೆಲ್ಲಿ ಆಗ್ತದೆ, ನಾಲ್ಕು ಹಳದಿಗೆ ಒಂದು ಚಿಟಿಕೆ ಉಪ್ಪು, ಸ್ವೀಟಿಗಾದ್ರೆ ಒಂದೂವರೆ ಟೀ ಚಮಚ ಸಕ್ಕರೆ ಕದಡಿ ಇಡಿ.

ಅಂದ ಹಾಗೆ ನಿಮ್ಮದು ಹೊಸ ಸಮಸ್ಯೆ ಏನಲ್ಲ. ಪೋರ್ಚುಗಲ್‌ನ ಕಾನ್ವೆಂಟುಗಳಲ್ಲಿ ಸಿಸ್ಟರ್‌ಗಳು ಬಟ್ಟೆಗೆ ಗಂಜಿ ಹಾಕ್ಲಿಕ್ಕೆ ಬಿಳಿ ಬಳಸ್ತಿದ್ರು, ಉಳಿದ ಹಳದೀಲೇ ಅವರ ಸ್ವೀಟೆಲ್ಲ ಹುಟ್ಟಿದ್ದು ಅಂತ ಹೇಳ್ತಾರೆ. ಗೋವಾದ ಬಿಬಿಂಕಾ ತಿಂದಿದ್ದೀರಾ? ಅದಕ್ಕೂ ಹಳದಿಯೇ, ತೆಂಗಿನ ಹಾಲು, ತುಪ್ಪ ಹಾಕಿ ಪದರ ಪದರವಾಗಿ ಬೇಯಿಸೋದು. ಒಂದು ಪದರ ಬೆಂದ ಮೇಲೇ ಇನ್ನೊಂದು ಹೊಯ್ಯಬೇಕು. ನಾನು ಒಮ್ಮೆ ಮಾಡಿ ಕೈ ಮುಗಿದೆ.

ಗೋಡೆಬಣ್ಣ:
ನಾನು ಪೇಂಟಿಂಗ್ ಓದಿದ್ದು. ಅಡುಗೆ ಬಿಡಿ, ಬಣ್ಣ ಕಲಸಿ. ಆಯಿಲ್ ಪೇಂಟ್ ಬರೋಕೆ ಮುಂಚೆ ಇಟಲಿಯವರು ಮರದ ಹಲಗೆ ಮೇಲೆ ಬರೀತಿದ್ದದ್ದು ಮೊಟ್ಟೆ ಹಳದೀಲೇ, ಎಗ್ ಟೆಂಪೆರಾ ಅಂತಾರೆ. 1400ರ ಆಸುಪಾಸಲ್ಲಿ ಚೆನ್ನಿನೋ ಚೆನ್ನಿನಿ ಅನ್ನೋ ಕಲಾವಿದ ಚಿಕ್ಕ ವಯಸ್ಸಿನವರ ಮುಖಕ್ಕೆ ಪೇಟೆ ಕೋಳಿ ಮೊಟ್ಟೆ ಬಳಸಿ, ಅದ್ರ ಹಳದಿ ಬೆಳ್ಳಗಿರುತ್ತೆ, ಮುದುಕರ ಮುಖಕ್ಕೆ ಹಳ್ಳಿ ಕೋಳೀದು ಅಂತ ಬರೆದಿಟ್ಟಿದಾನೆ. ಫಾರಂ, ನಾಟಿ ಜಗಳ ಅವಾಗ್ಲೇ ಇತ್ತು ನೋಡಿ 😄 (ಈಗ ಬಣ್ಣ ನೋಡಿ ನಾಟಿ ಅಂತ ದುಡ್ಡು ಕೊಡ್ಬೇಡಿ, ಮೇವಿಗೆ ಚೆಂಡು ಹೂವಿನ ಸಾರ ಬೆರೆಸಿದ್ರೂ ಹಳದಿ ಕೆಂಪಗಾಗುತ್ತೆ.)

ಹಳದೀನ ಟಿಶ್ಯೂ ಮೇಲೆ ಮೆಲ್ಲಗೆ ಉರುಳಿಸಿ ಬಿಳಿ ಪೂರ್ತಿ ತೆಗೀರಿ, ಮೇಲಿನ ತೆಳು ಪೊರೆನ ಎರಡು ಬೆರಳಲ್ಲಿ ಎತ್ತಿ ಹಿಡಿದು ಕೆಳಗೆ ಪಿನ್ನಲ್ಲಿ ಚುಚ್ಚಿ, ರಸ ಬಾಟ್ಲಿಗೆ ಇಳಿಯುತ್ತೆ, ಪೊರೆ ಕೈಯಲ್ಲೇ ಉಳಿಯುತ್ತೆ. ಅಷ್ಟೇ ನೀರು ಸೇರಿಸಿ, ನೀರಲ್ಲಿ ಅರೆದ ಬಣ್ಣದ ಪುಡಿಗೆ ಕಲಸಿ. ಕ್ಷಣದಲ್ಲಿ ಒಣಗುತ್ತೆ, ಅದಕ್ಕೇ ಸಣ್ಣ ಸಣ್ಣ ಗೆರೆ ಎಳೀಬೇಕು. ತೆಳು ಪೇಪರ್ ಬೇಡ, ಮಡಿಸಿದ್ರೆ ಬಿರುಕು ಬಿಡುತ್ತೆ, ಜೆಸ್ಸೋ (ಸೀಮೆಸುಣ್ಣದ ಪುಡಿ, ಅಂಟು ಕಲಸಿದ ಬಿಳಿ ಲೇಪ) ಹಚ್ಚಿದ ಹಲಗೆ ತಗೊಳ್ಳಿ. ಅವತ್ತಿಂದು ಅವತ್ತೇ ಮುಗಿಸಿ, ನಾರುತ್ತೆ.

ಬಾಣಲಿ_ಅಕ್ಕ:
ಕಸ್ಟರ್ಡ್ ಆಯ್ತು, ತಳ ಸ್ವಲ್ಪ ಹಿಡೀತು, ತಮ್ಮ ಎರಡು ಬಟ್ಟಲು ತಿಂದ, ಹಳದಿ ಅಂತ ನಾನೂ ಹೇಳಿಲ್ಲ 😂 @ಗೋಡೆಬಣ್ಣ ನಿಮ್ಮ ಐಡಿಯಾ ನಂಗೆ ಇಷ್ಟ ಆಯ್ತು, ಒಣಗಿದ್ಮೇಲೆ ವಾಸನೆ ಇರುತ್ತಾ? ಹಾಲ್‌ ಗೋಡೆಗೆ ಹಾಕ್ಬೇಕು.

ಗೋಡೆಬಣ್ಣ:
ಪೂರ್ತಿ ಒಣಗಿದ್ರೆ ಇರಲ್ಲ. ಆದ್ರೆ ಗಣಪತಿ ಮಾತ್ರ ಬರೀಬೇಡಿ ಅಕ್ಕ, ಅಮ್ಮ ದೇವರ ಮನೇಲಿ ಇಟ್ಬಿಟ್ರೆ ಆಮೇಲೆ ಹೇಳೋಕೂ ಆಗಲ್ಲ.