ಬೇಸೊಫಿಲ್‌ಗೆ ಕನ್ನಡದಲ್ಲಿ ಏನನ್ನೋಣ? ಅದು ಕೆರಳುತ್ತದೋ, ಕೆರಳಿಸುತ್ತದೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಅಲರ್ಜಿ ಬಗ್ಗೆ ಎರಡು ಪುಟ ಬರೆಯುತ್ತಿದ್ದೇನೆ. ಒಂದು ಹೆಸರು, ಒಂದು ಕ್ರಿಯಾಪದ ನನ್ನನ್ನು ಕಾಡುತ್ತಿವೆ. ನಿಮ್ಮ ನೆರವು ಬೇಕು.

ಹೆಸರು ಬೇಸೊಫಿಲ್. ಬಿಳಿ ರಕ್ತಕಣಗಳಲ್ಲಿ ತೀರಾ ಅಪರೂಪದ್ದು, ಸಾಮಾನ್ಯವಾಗಿ ನೂರಕ್ಕೆ ಒಂದೂ ಸಿಗುವುದಿಲ್ಲ. 1870ರ ದಶಕದ ಕೊನೆಯಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ರಕ್ತಕ್ಕೆ ಬಗೆಬಗೆಯ ಬಣ್ಣ ಹಾಕಿ ಕಣಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಪ್ರತ್ಯಾಮ್ಲ ಗುಣದ ಬಣ್ಣವನ್ನು ಹೀರಿಕೊಳ್ಳುವುದರಿಂದ ಇದಕ್ಕೆ ಈ ಹೆಸರು. ಹಾಗಂತ 'ಪ್ರತ್ಯಾಮ್ಲಪ್ರಿಯ ಕಣ' ಅಂದರೆ ಅರ್ಥ ಸರಿ, ಆದರೆ ಎಂಟನೇ ಕ್ಲಾಸಿನ ಹುಡುಗಿಗೆ ಏನೂ ಹೊಳೆಯುವುದಿಲ್ಲ. 'ಅಲರ್ಜಿ ಕಣ' ಅನ್ನುವುದಂತೂ ಬೇಡವೇ ಬೇಡ. ಅಲರ್ಜಿ ಇಲ್ಲದವರಲ್ಲೂ ಈ ಕಣ ಇರುತ್ತದೆ.

ಇನ್ನೊಂದು ತೊಡಕು ಇದೆ. ಇಡೀ ಕೋಶವೂ ನಮಗೆ 'ಕಣ', ಅದರೊಳಗೆ ತುಂಬಿರುವ ಪುಟ್ಟ ಚೂರುಗಳೂ 'ಕಣ'. ಒಳಗಿನದನ್ನು 'ಕಾಳು' ಅಂದರೆ ಹೇಗೆ? ಪ್ರತ್ಯಾಮ್ಲ ಗುಣದ ಆ ಬಣ್ಣ ಸಾಮಾನ್ಯವಾಗಿ ನೀಲಿ, ಹಾಗಾಗಿ ಹುರಿಗಾಳು ಇದ್ದ ಹಾಗೆ ನೀಲಿಗಾಳು. ಇಯೊಸಿನ್ ಎಂಬ ಕೆಂಪು ಬಣ್ಣ ಹೀರುವ ಇಯೊಸಿನೊಫಿಲ್‌ಗೆ ಕೆಂಗಾಳು. ಬಣ್ಣ ಹಾಕುವ ಮುಂಚೆ ಕಾಳು ನೀಲಿಯಾಗಿ ಕಾಣುವುದಿಲ್ಲ, ಅದೊಂದು ಕೊರತೆ. ಆದರೂ ಮೊದಲ ಸಲ 'ಬೇಸೊಫಿಲ್ ಎಂಬ ನೀಲಿಗಾಳಿನ ಕಣ' ಎಂದು ಬರೆದು, ಮುಂದೆ ಬೇಸೊಫಿಲ್ ಎಂದೇ ಬಳಸಬಹುದು ಅನ್ನಿಸುತ್ತದೆ.

ಕ್ರಿಯಾಪದದ್ದೇ ಜಾಸ್ತಿ ತಲೆನೋವು. ಕಡಲೆಕಾಯಿ ಒಗ್ಗದ ಒಬ್ಬ ಹುಡುಗ ಅಂದುಕೊಳ್ಳಿ. ಅವನ ದೇಹ ಕಡಲೆಕಾಯಿಯ ಪ್ರೋಟೀನಿಗೆಂದೇ ಐಜಿಇ ಎಂಬ ಪ್ರತಿಕಾಯಗಳನ್ನು (ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳನ್ನು) ಮಾಡಿಟ್ಟುಕೊಂಡಿರುತ್ತದೆ. ಅವು ಬೇಸೊಫಿಲ್‌ನ ಮೈಮೇಲೆ ಕೂತಿರುತ್ತವೆ. ಮತ್ತೆ ಕಡಲೆಕಾಯಿ ತಿಂದಾಗ ಆ ಪ್ರೋಟೀನು ಅಕ್ಕಪಕ್ಕದ ಐಜಿಇಗಳನ್ನು ಒಟ್ಟಿಗೆ ಬೆಸೆಯುತ್ತದೆ. ಆಗ ಕಾಳುಗಳು ಬಿಚ್ಚಿಕೊಂಡು ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬರುತ್ತದೆ. ತುರಿಕೆ, ಗಂಧೆ, ಸೀನು ಶುರು. ಚರ್ಮ, ಮೂಗು, ಕರುಳಲ್ಲಿ ನೆಲೆನಿಂತ ಮಾಸ್ಟ್ ಕೋಶಗಳೂ ಇದನ್ನೇ ಮಾಡುತ್ತವೆ, ದೊಡ್ಡ ಪಾಲು ಅವುಗಳದ್ದೇ.

ಇಲ್ಲೆಲ್ಲ ನಾವು ಸುಮ್ನೆ 'ಪ್ರಚೋದಿಸು' ಅಂತ ಬರೆದುಬಿಡುತ್ತೇವೆ. ನನಗೆ 'ಕೆರಳು, ಕೆರಳಿಸು' ಜೋಡಿ ಹೆಚ್ಚು ಇಷ್ಟ. ಕಡಲೆಕಾಯಿ ಕೆರಳಿಸುತ್ತದೆ, ಕಣ ಕೆರಳುತ್ತದೆ. ಯಾರಿಂದ ಯಾರಿಗೆ ಅನ್ನುವುದು ಒಂದೇ ಏಟಿಗೆ ಗೊತ್ತಾಗುತ್ತದೆ, ಅಲ್ವಾ?

ಆದರೆ ಬೇಸೊಫಿಲ್‌ನ ಕೆಲಸ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಇಂಟರ್‌ಲ್ಯೂಕಿನ್-4 ಎಂಬ ಪ್ರೋಟೀನನ್ನೂ ಬಿಡುತ್ತದೆ. ಆ ಪ್ರೋಟೀನು ತಲುಪಿದ ಬಿ ಕೋಶಗಳು, ಅಂದರೆ ಪ್ರತಿಕಾಯ ಮಾಡುವ ಬಿಳಿ ರಕ್ತಕಣಗಳು, ಐಜಿಇ ಮಾಡುವ ಕಡೆಗೆ ವಾಲುತ್ತವೆ. ಅಂದರೆ ತಾನು ಕೆರಳುವುದು ಒಂದು, ಬೇರೆಯವನ್ನು ಆ ದಾರಿಗೆ ತರುವುದು ಇನ್ನೊಂದು. ಈ ಎರಡನೆಯದಕ್ಕೆ ಯಾವ ಪದ?

ಮೊದಲು 'ಕುಮ್ಮಕ್ಕು ಕೊಡುತ್ತದೆ' ಎಂದು ಬರೆದೆ. ಆಮೇಲೆ ಹೊಡೆದುಹಾಕಿದೆ. ಕುಮ್ಮಕ್ಕು ಅಂದರೆ ಕೆಟ್ಟ ಕೆಲಸಕ್ಕೆ ಬೆನ್ನು ತಟ್ಟುವುದು. ಇದೇ ಕಣ, ಇದೇ ಪ್ರೋಟೀನು ಜಂತುಹುಳದ ವಿರುದ್ಧ ದೇಹವನ್ನು ಕಾಯುವುದಕ್ಕೂ ಬೇಕು. ಅದನ್ನು ಕಳ್ಳನ ಜೊತೆಗಾರನಂತೆ ತೋರಿಸುವುದು ತಪ್ಪು. 'ಒತ್ತಾಸೆ' ಅಂದರೆ ಹೊಗಳಿದ ಹಾಗಾಗುತ್ತದೆ. 'ಇಂಬು ಕೊಡುತ್ತದೆ' ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಈಗಿನ ಮಕ್ಕಳಿಗೆ 'ಇಂಬು' ಗೊತ್ತೇ? ಮೇಷ್ಟರು, ಟೀಚರುಗಳು ಇದ್ದರೆ ದಯವಿಟ್ಟು ಹೇಳಿ.

ಹಾಗೆಯೇ, ನಿಮ್ಮ ಕಡೆ ಗಾಯ, ಹುಣ್ಣು, ತುರಿಕೆಗೂ 'ಕೆರಳಿತು' ಅನ್ನುತ್ತಾರಾ? ಇಲ್ಲ, ಹಾವು, ಹುಲಿ, ಸಿಟ್ಟಿಗೆ ಮಾತ್ರವಾ? ಮೈಗೆ ಸಂಬಂಧಿಸಿದ ಬಳಕೆ ಇದ್ದರೆ, ಯಾವ ಊರಿನದು ಅಂತಲೂ ತಿಳಿಸಿ.