ಅಪ್‌ಡೇಟ್: ಎದೆಹಾಲು ಬಿಟ್ಟ ಮಗಳಿಗೆ ಕೊನೆಗೆ ಯಾವ ಹಾಲು ಒಗ್ಗಿತು

ಒಂದೂವರೆ ವರ್ಷದ ಮಗಳು ಎದೆಹಾಲು ಬಿಟ್ಟಿದ್ದಾಳೆ, ನಾವು ವೀಗನ್ (ಹಾಲು, ಮೊಟ್ಟೆ, ಮಾಂಸ ಯಾವುದೂ ತಿನ್ನಲ್ಲ), ಹಸುವಿನ ಹಾಲಿನ ಬದಲು ಏನು ಕೊಡೋದು ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಗೆದ್ದಿದ್ದು ಸೋಯಾ ಹಾಲು! ಸಕ್ಕರೆ ಇಲ್ಲದ್ದು, ಕ್ಯಾಲ್ಸಿಯಂ, ವಿಟಮಿನ್ ಬಿ12 ಸೇರಿಸಿದ್ದು. ಸೋಯಾ ಅಂದವರಿಗೆಲ್ಲ ಥ್ಯಾಂಕ್ಸ್. ಮೊದಲು ಲೋಟ ನೋಡಿದ್ರೇ ಮುಖ ತಿರುಗಿಸುತ್ತಿದ್ದಳು. ಆಮೇಲೆ ರಾಗಿ ಸರಿಗೆ ಅದನ್ನೇ ಬೆರೆಸಿ, ನೆನೆಸಿದ ಖರ್ಜೂರ ಕಿವುಚಿ ಹಾಕಿದೆ, ಬಟ್ಟಲು ಖಾಲಿ.

ಬಾದಾಮಿ ಹಾಲು ಅವಳಿಗೆ ಇಷ್ಟವಾಗಿತ್ತು, ಆದ್ರೆ ಅದರಲ್ಲಿ ಪ್ರೋಟೀನ್ ತೀರಾ ಕಡಿಮೆ, ಮುಖ್ಯ ಹಾಲಾಗಿ ಬೇಡ ಅಂದ್ರು ಡಾಕ್ಟರ್. ತೆಂಗಿನ ಹಾಲೂ ಅಷ್ಟೇ, ಪಾಯಸಕ್ಕೆ ಸರಿ. ಅಕ್ಕಿ ಹಾಲಂತೂ ಅಕ್ಕಿಯಲ್ಲಿ ಇರಬಹುದಾದ ಆರ್ಸೆನಿಕ್ ಅನ್ನೋ ವಿಷದ ಭಯಕ್ಕೆ ಇಷ್ಟು ಚಿಕ್ಕವರಿಗೆ ಬೇಡವೇ ಬೇಡ.

ನನಗೆ ಆಶ್ಚರ್ಯ ಆಗಿದ್ದು ರಾಗಿ ವಿಷಯ. 100 ಗ್ರಾಂ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದ್ರೆ ಅಷ್ಟೂ ಮೈಗೆ ಹತ್ತಲ್ಲ. ಮೊಳಕೆ ಬರಿಸಿ ಹಿಟ್ಟು ಮಾಡಿದ್ರೆ ಜಾಸ್ತಿ ಸಿಗುತ್ತೆ, ಅತ್ತೆ ಮೊದಲಿಂದಲೂ ಹಾಗೇ ಮಾಡ್ತಿದ್ರು ಬಿಡಿ. ಬಿ12 ಮಾತ್ರ ಬೇಳೆ, ಸೊಪ್ಪು ಯಾವುದರಿಂದಲೂ ಬರಲ್ಲ, ಅದಕ್ಕೆ ಡಾಕ್ಟರ್ ಬರೆದುಕೊಟ್ಟ ಡ್ರಾಪ್ಸ್ ನಡೀತಿದೆ.

ಇನ್ನೊಂದು, ಸೋಯಾ ಹಾಲಿನ ಪ್ಯಾಕೆಟ್ ಚೆನ್ನಾಗಿ ಅಲ್ಲಾಡಿಸಿ ಬಗ್ಗಿಸಿ, ಸೇರಿಸಿದ ಕ್ಯಾಲ್ಸಿಯಂ ಎಲ್ಲ ತಳದಲ್ಲಿ ಕೂತಿರುತ್ತೆ.